ಭಟ್ಟಿಗೆ ಹಾಕಿದ ಕೂರಿಗೆ

ಮೇ ತಿಂಗಳ ಎರಡನೇ ಮಂಗಳವಾರ, ಬೆಳಿಗ್ಗೆ ಐದೂ ಮುಕ್ಕಾಲು ಗಂಟೆ. ಕೆಂಭಾವಿ ಕಡೆಯ ಉಪಕಾಲುವೆಯ ಏರಿಯ ಮೇಲೆ ಮೂವರಿದ್ದೆವು: ನಾನು, ಕಟ್ಟಿಗೆ ಕಡಿಯುವವ, ಮತ್ತು ಇಟ್ಟಂಗಿ ಭಟ್ಟಿ ಹಚ್ಚಿದ ಹೆಣ್ಣುಮಗಳ ಗಂಡ. ಕಾಲುವೆಗೆ ನೀರು ಬಿಡುವುದು ನಿಂತು ಮೂರು ವಾರವಾಗಿತ್ತು. ತಳದ ಕೆಸರು ಒಣಗಿ, ಒಡೆದ ಹೆಂಚಿನಂತೆ ಅಂಚು ಎತ್ತಿಕೊಂಡಿತ್ತು. ಏರಿಯ ಉದ್ದಕ್ಕೂ ಬಳ್ಳಾರಿ ಜಾಲಿ ಕಡಿದು ಬಿದ್ದಿತ್ತು. ಕಾಲುವೆ ಸ್ವಚ್ಛ ಮಾಡುವ ಗುತ್ತಿಗೆದಾರ ಅದನ್ನು ಕಡಿಸಿ, ಬೇಕಾದವರು ಒಯ್ಯಲಿ ಎಂದು ಬಿಟ್ಟಿದ್ದ.

ಆ ದಿನದ ಕೆಲಸ ಮೂರು ಖೇಪು, ಅಂದರೆ ಮೂರು ಗಾಡಿ ಕಟ್ಟಿಗೆ. ಒಟ್ಟು ಒಂಬತ್ತು ಖೇಪು ಕಟ್ಟಿಗೆ ಬೇಕೆಂದು ನಾನೇ ಲೆಕ್ಕ ಹಾಕಿ ಹೇಳಿದ್ದೆ. ಆರು ಖೇಪು ಶಹಾಪುರದ ಗುಡ್ಡದ ಕಡೆಯ ಹೊಲಗಳ ಬದುವಿನಿಂದ ಬಂದಿತ್ತು. ಅದು ಬಿಸಿಲಿಗೆ ವರ್ಷಗಟ್ಟಲೆ ಬಿದ್ದಿದ್ದ ಒಣ ಜಾಲಿ. ಅಲ್ಲಿ ಕಟ್ಟಿಗೆ ಮುಗಿದದ್ದರಿಂದ ಉಳಿದ ಮೂರನ್ನು ಕಾಲುವೆ ಏರಿಯಿಂದ ತರುವುದಾಗಿ ಹೇಳಿದೆ. ಒಣಗಿರಲಿ ಹಸಿಯಿರಲಿ, ಖೇಪು ಅಂದರೆ ಖೇಪು ಎಂಬುದು ನನ್ನ ಎಣಿಕೆ.

ಭಟ್ಟಿ ಇದ್ದದ್ದು ಬೋನಾಳದ ಆಚೆಯ ಗಟ್ಟಿ ನೆಲದ ಮೇಲೆ. ಆ ಹೆಣ್ಣುಮಗಳು ಹುಟ್ಟಿದ್ದು ಕಾಲುವೆ ಕ್ಯಾಂಪಿನಲ್ಲಿ. ಅವಳ ತಂದೆ ತಾಯಿ ಕಾಲುವೆ ಅಗೆಯಲು ಬಂದು ಅಲ್ಲೇ ಗುಡಿಸಲು ಹಾಕಿಕೊಂಡವರು. ಈಗ ಮಳೆಗಾಲದೊಳಗೆ ಕ್ಯಾಂಪಿನ ಜಾಗ ಬಿಡಬೇಕೆಂದು ಹೇಳಿಕೆ ಬಂದಿತ್ತು. ಮನೆಯಲ್ಲಿ ಐದು ಮಂದಿ. ಹೇಗೋ ಒಂದು ನಿವೇಶನ ಸಿಕ್ಕಿತ್ತು, ಗೋಡೆ ಇರಲಿಲ್ಲ. ಚಳಿಗಾಲದಿಂದ ಗಂಡ ಹೆಂಡತಿ ಇಬ್ಬರೇ ಮಣ್ಣು ತುಳಿದು, ಅಚ್ಚು ಹಾಕಿ, ಹದಿನೆಂಟು ಸಾವಿರ ಇಟ್ಟಂಗಿ ಮಾಡಿದ್ದರು. ಅಷ್ಟೂ ಒಂದೇ ಭಟ್ಟಿಯಲ್ಲಿತ್ತು. ಸೋಮವಾರ ಬೆಳಿಗ್ಗೆ ಬೆಂಕಿ ಕೊಟ್ಟಾಗಿತ್ತು.

ಭಟ್ಟಿಗೆ ಒಮ್ಮೆ ಬೆಂಕಿ ಕೊಟ್ಟರೆ ಹಿಂದೆ ಸರಿಯುವಂತಿಲ್ಲ. ಮೊದಲ ದಿನ ಮೆಲ್ಲನೆ ಹೊಗೆ ಕೊಟ್ಟು ಇಟ್ಟಂಗಿಯ ತೇವ ಹೊರಗೆ ಕಳಿಸಬೇಕು. ಎರಡನೇ ದಿನ, ಕಟ್ಟಿಗೆ ನೂಕುವ ಮೂರೂ ಬಾಯಿಗಳಿಗೆ ಜೋರು ಉರಿ ಕೊಡಬೇಕು. ಆ ಉರಿ ನಡುವೆ ಬಿದ್ದುಹೋದರೆ ಮೇಲಿನ ಸಾಲುಗಳು ಹಸಿಯಾಗಿಯೇ ಉಳಿಯುತ್ತವೆ. ಮೊದಲ ಮಳೆಗೇ ಅವು ಮತ್ತೆ ಮಣ್ಣು.

ನನ್ನ ಗಾಡಿಯ ಬಗ್ಗೆ ಎರಡು ಮಾತು. ಹಳೆಯ ಸಣ್ಣ ಪಿಕಪ್. ಎರಡನೇ ಗೇರು ಕೈಯಲ್ಲಿ ಹಿಡಿದುಕೊಂಡೇ ಇರಬೇಕು, ಬಿಟ್ಟರೆ ಹಾರುತ್ತದೆ. ಪ್ರತಿದಿನ ಹತ್ತುವ ಮೊದಲು ನೀರು, ಎಣ್ಣೆ, ಬ್ರೇಕು, ಗಾಳಿ, ಹಗ್ಗ, ಜಾಕ್ ಇದೇ ಸರತಿಯಲ್ಲಿ ನೋಡುತ್ತೇನೆ. ಫೌಜಿನಲ್ಲಿ ಕಲಿತದ್ದು, ಬಿಟ್ಟಿಲ್ಲ. ಗಾಡಿಯ ಹಿಂಭಾಗದ ಒಳಮೈಯಲ್ಲಿ ಬಿಳಿ ಬಣ್ಣದ ಒಂದು ಗೆರೆ ಎಳೆದಿದ್ದೆ. ಶಹಾಪುರದ ಕಾಟಾದ ಮೇಲೆ ಗಾಡಿ ನಿಲ್ಲಿಸಿ, ಒಣ ಕಟ್ಟಿಗೆ ತುಂಬಿಸಿ ತೂಗಿಸಿ, ಈ ಗಾಡಿ ಹೊರುವ ತೂಕ ಎಲ್ಲಿಗೆ ಬರುತ್ತದೋ ಅಲ್ಲಿಗೆ ಎಳೆದ ಗೆರೆ. ಅದರ ಮೇಲೆ ಒಂದು ತುಂಡೂ ಇಡಲು ಬಿಟ್ಟವನಲ್ಲ. ಎಷ್ಟೋ ಜನ ಬೇಡಿಕೊಂಡಿದ್ದಾರೆ, ಬೈದಿದ್ದಾರೆ. ಗೆರೆ ಗೆರೆಯೇ.

ಕಟ್ಟಿಗೆ ಕಡಿಯುವವ ಮೊದಲ ತುಂಡು ಹೆಗಲಿಗೆ ಏರಿಸಿದವನೇ ಮುಖ ಸೊಟ್ಟ ಮಾಡಿದ.

"ಫೌಜಿ ಕಾಕಾ, ಇದು ನೀರ ಕುಡದ ಜಾಲಿ ಅದರಿ. ಬೇರ ಪೂರಾ ಕಾಲುವ್ಯಾಗ ಇದ್ವು. ಒಂದೊಂದು ತುಂಡಿನಾಗ ಒಂದೊಂದು ಕೊಡ ನೀರ ಅದ. ಗಾಡಿ ಅರ್ಧಾ ತುಂಬ್ರಿ."

"ಗೆರಿ ಮಟ ತುಂಬು," ಅಂದೆ.

"ಗೆರಿಗೇನ್ರಿ ಗೊತ್ತು ಹಸಿ ಯಾವುದು ಒಣ ಯಾವುದು?"

"ಗೆರಿ ನಾ ಹಾಕೀನಿ. ನನಗ ಗೊತ್ತದ. ಮಾತ ಕಮ್ಮಿ, ಕೆಲಸ ಜಲ್ದಿ."

ಹೆಂಡತಿಯನ್ನು ಭಟ್ಟಿಯ ಹತ್ತಿರ ಒಬ್ಬಳನ್ನೇ ಬಿಟ್ಟು ಬಂದಿದ್ದ ಗಂಡನ ಕಡೆ ನೋಡಿ ಕಟ್ಟಿಗೆ ಕಡಿಯುವವ ನಕ್ಕ. "ನೋಡಪ, ನಿಮ್ಮ ಭಟ್ಟಿಗೆ ಇವತ್ತ ಫೌಜಿ ಕಾಯ್ದೆ ಹಚ್ಚ್ಯಾರ." ಗಂಡ ನಗಲಿಲ್ಲ. ಅವನಿಗೆ ಹೊತ್ತಾಗುತ್ತಿತ್ತು.

ದಪ್ಪ ತುಂಡುಗಳನ್ನು ಕ್ಯಾಬಿನ್ ಕಡೆಗೆ, ಸಣ್ಣವನ್ನು ಹಿಂದಕ್ಕೆ, ನಡುನಡುವೆ ಒಂದು ಸಾಲು ಅಡ್ಡ ಇಟ್ಟು ಬಿಗಿದೆವು. ಭಾರ ಹಿಂದಿನ ಅಚ್ಚಿನ ಮುಂದೆ ಬೀಳಬೇಕು, ಇಲ್ಲದಿದ್ದರೆ ಮುಂದಿನ ಗಾಲಿ ಹಗುರಾಗಿ ಸ್ಟೇರಿಂಗ್ ತೇಲುತ್ತದೆ. ಗೆರೆಗೆ ಸರಿಯಾಗಿ ನಿಲ್ಲಿಸಿ ಎರಡು ಹಗ್ಗ ಕಟ್ಟಿದೆ. ಕಟ್ಟಿಗೆ ಕಡಿಯುವವ ಏರಿಯ ಮೇಲೇ ಉಳಿದ, ಆರೂ ಐವತ್ತಕ್ಕೆ ಗಂಡನೂ ನಾನೂ ಹೊರಟೆವು.

ಗಾಡಿ ಹೇಳುತ್ತಿತ್ತು. ಮೊದಲ ಗೇರಿನಲ್ಲೂ ಇಂಜಿನ್ ನರಳಿತು, ಕ್ಲಚ್ ಸುಟ್ಟ ವಾಸನೆ ಬಂತು. ಬ್ರೇಕು ತುಳಿದರೆ ಎಂದಿನ ಜಾಗದಲ್ಲಿ ನಿಲ್ಲಲಿಲ್ಲ. ನಾನು ಕನ್ನಡಿಯಲ್ಲಿ ಗೆರೆಯನ್ನು ನೋಡಿದೆ. ಗೆರೆ ಸರಿಯಾಗಿತ್ತು. ಆದ್ದರಿಂದ ಗಾಡಿಯೇ ತಪ್ಪು ಹೇಳುತ್ತಿದೆ ಅಂದುಕೊಂಡೆ. ಇಷ್ಟು ವರ್ಷ ಸ್ಟೇರಿಂಗ್ ಹಿಡಿದವನು ಹಾಗೆ ಅಂದುಕೊಂಡ ಎಂಬುದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ.

ಕಾಲುವೆಯ ಸಣ್ಣ ಸೇತುವೆಗೆ ಏರುವ ದಿಬ್ಬದಲ್ಲಿ ಎಡಗಡೆ ಹಿಂದಿನಿಂದ ಮದ್ದು ಸಿಡಿದ ಹಾಗೆ ಸದ್ದಾಯಿತು. ಗಾಡಿ ಎಡಕ್ಕೆ ಕುಸಿಯಿತು. ಕೈಬ್ರೇಕು ಎಳೆದು, ಗಂಡನಿಗೆ ಗಾಲಿಗಳ ಹಿಂದೆ ಕಲ್ಲು ಕೊಡಲು ಹೇಳಿ ಕೆಳಗೆ ಇಣುಕಿದೆ. ಗಾಲಿಯ ಮೇಲೆ ಭಾರ ಹೊರುವ ಕಮಾನಿನ ದೊಡ್ಡ ಪಾಟಾ, ಅಂದರೆ ಉಕ್ಕಿನ ಪಟ್ಟಿ, ನಡುವಿನಲ್ಲೇ ಮುರಿದಿತ್ತು. ಅದರ ಕೆಳಗಿನ ಎರಡೂ ಮುರಿದಿದ್ದವು.

ಮೊದಲು ಅರ್ಧ ಕಟ್ಟಿಗೆ ಇಳಿಸಿ ಸೇತುವೆಯ ಪಕ್ಕ ಒಟ್ಟಿದೆವು. ಆಮೇಲೆ ಚಾಸಿಗೆ ಜಾಕ್ ಕೊಟ್ಟು ಎತ್ತಿದೆ. ಅಚ್ಚಿಗೂ ಚಾಸಿಗೂ ನಡುವೆ ಇಡಲು ಒಂದು ಗಟ್ಟಿ ತುಂಡು ಬೇಕಿತ್ತು. ಹೊತ್ತು ತಂದ ಕಟ್ಟಿಗೆಯಲ್ಲೇ ಒಂದನ್ನು ಕೊಡಲಿಯಿಂದ ಕಡಿದೆ. ಕೊಡಲಿ ಬಿದ್ದ ಕಡೆ ನೀರು ಜಿನುಗಿತು. ಬೆರಳಿನಿಂದ ಒರೆಸಿದೆ, ಮತ್ತೆ ಜಿನುಗಿತು. ಆ ಹಸಿ ತುಂಡನ್ನೇ ಕೊಟ್ಟು, ಸರಪಳಿ ಸುತ್ತಿ, ಸಂದಿಗೆ ಬೆಣೆ ಬಡಿದೆ. ಇನ್ನು ಎರಡನೇ ಗೇರು ಮೀರುವಂತಿಲ್ಲ, ಅರ್ಧಕ್ಕಿಂತ ಹೆಚ್ಚು ಹೇರುವಂತಿಲ್ಲ. ಇದಿಷ್ಟಕ್ಕೆ ಒಂದೂ ಮುಕ್ಕಾಲು ಗಂಟೆ ಹೋಯಿತು. ಗಂಡ ಒಂದೇ ಒಂದು ಮಾತು ಆಡಿದ. "ಉರಿ ಬೀಳ್ತದ್ರಿ ಕಾಕಾ."

ಭಟ್ಟಿ ಮುಟ್ಟಿದಾಗ ಹತ್ತೂ ನಲವತ್ತು. ಗುಡ್ಡದ ಕಟ್ಟಿಗೆಯಲ್ಲಿ ಕೊನೆಯ ಒಂದು ಹೊರೆಯಷ್ಟು ಉಳಿದಿತ್ತು. ಆಕೆ ತಲೆಗೆ ಒದ್ದೆ ಬಟ್ಟೆ ಸುತ್ತಿಕೊಂಡು ನಡುವಿನ ಬಾಯಿಯ ಮುಂದೆ ಕೂತಿದ್ದಳು. ನಾವು ಇಳಿಸುವುದನ್ನೂ ಕಾಯದೆ ನಾಲ್ಕು ತುಂಡು ಎಳೆದುಕೊಂಡು ಒಳಗೆ ನೂಕಿದಳು.

ಕಟ್ಟಿಗೆ ಹತ್ತಲಿಲ್ಲ. ಸುಯ್ಯೆಂದು ಸದ್ದು ಮಾಡಿತು. ತುದಿಗಳಲ್ಲಿ ನೊರೆ ಬಂತು, ನೊರೆ ಕುದಿದು ತೊಟ್ಟಿಕ್ಕಿತು. ಭಟ್ಟಿಯ ನೆತ್ತಿಯಿಂದ ತೆಳ್ಳಗೆ ಏಳುತ್ತಿದ್ದ ಹೊಗೆ ಹತ್ತು ನಿಮಿಷದಲ್ಲಿ ಬೆಳ್ಳಗೆ, ದಪ್ಪಗೆ ತಿರುಗಿತು. ಒಳಗಿನ ಕೆಂಪು ಕಣ್ಣೆದುರೇ ಇಳಿಯಿತು.

ಆಕೆ ಒಂದು ತುಂಡನ್ನು ಹೊರಗೆ ಎಳೆದು ನನ್ನ ಕಾಲ ಬಳಿ ಎಸೆದಳು.

"ಕಾಕಾ, ಕಟ್ಟಿಗಿ ತಂದೀರೋ, ಕಾಲುವಿ ತಂದೀರೋ?"

ಬಗ್ಗಿ ಆ ತುಂಡನ್ನು ಎತ್ತಿ ಪಕ್ಕಕ್ಕೆ ಇಟ್ಟೆ.

"ಕಡದು ಎಷ್ಟ ದಿನ ಆಗ್ಯಾದ್ರಿ ಇದು?"

"ಎಂಟು ದಿನ."

"ಗೊತ್ತಿತ್ತೇನ್ರಿ ನಿಮಗ?"

"ಗೊತ್ತಿತ್ತು. ತಪ್ಪು ನಂದು."

"ತಪ್ಪು ನಿಮ್ದು, ಖರೇರಿ," ಅಂದಳು ಆಕೆ. "ಗ್ವಾಡಿ ನಂದು."



ನಿಂತು ಯೋಚಿಸಲು ಸಮಯವಿರಲಿಲ್ಲ, ಆದರೂ ಎರಡು ನಿಮಿಷ ಗಾಡಿಯ ನೆರಳಿನಲ್ಲಿ ನಿಂತು ಒಂದೊಂದಾಗಿ ತಳ್ಳಿಹಾಕಿದೆ. ಶಹಾಪುರದ ಕಟ್ಟಿಗೆ ಅಡ್ಡೆಗೆ ಮುರಿದ ಕಮಾನಿನಲ್ಲಿ ಹೋಗಿ ಬರುವಷ್ಟರಲ್ಲಿ ಸಂಜೆ. ಬೇರೆ ಗಾಡಿ ಕೇಳಿದರೆ ಭತ್ತದ ಹೊತ್ತು, ಎಲ್ಲವೂ ಗಿರಣಿಯ ಮುಂದೆ ಸಾಲು ನಿಂತಿರುತ್ತವೆ. ಹೊಟ್ಟು ಹಾಕಿದರೆ ಬಿಸಿ ಉಳಿದೀತು, ಉರಿ ಏಳದು. ಹತ್ತಿರದಲ್ಲಿ, ಬೇಗ, ಎಲುಬಿನಷ್ಟು ಒಣಗಿದ ಗಟ್ಟಿ ಕಟ್ಟಿಗೆ ಎಲ್ಲಿದೆ?

ಇತ್ತು. ನನ್ನ ಊರಿನ ಪ್ರತಿ ದನದ ಕೊಟ್ಟಿಗೆಯಲ್ಲೂ ಇತ್ತು. ಭಟ್ಟಿಯಿಂದ ಊರಿಗೆ ಎರಡು ಮೈಲಿ.

ಕಾಲುವೆ ಬರುವ ಮುಂಚೆ ನಮ್ಮದು ಜೋಳ, ಸಜ್ಜೆ, ಕುಸುಬೆ ಬಿತ್ತುವ ಎರೆ ಹೊಲ. ಎತ್ತು ಎಳೆಯುವ ಕೂರಿಗೆಯಲ್ಲಿ ಬಿತ್ತಿಗೆ. ಮೇಲೊಂದು ಮರದ ಬಟ್ಟಲು, ಅದಕ್ಕೆ ಬೀಜ ಬಿಟ್ಟರೆ ಬಿದಿರಿನ ಕೊಳವೆಗಳಿಂದ ಸಾಲಿಗೆ ಇಳಿಯುತ್ತದೆ. ನೀರು ಬಂದಮೇಲೆ ಭತ್ತ. ಭತ್ತಕ್ಕೆ ಕೂರಿಗೆ ಬೇಡ. ಅಂದಿನಿಂದ ಕೂರಿಗೆ, ಕುಂಟೆ, ನೊಗ ಎಲ್ಲ ಕೊಟ್ಟಿಗೆಯ ಜಂತಿ ಸೇರಿದವು. ಎಲ್ಲವೂ ಕರಿಜಾಲಿಯವು. ಬಡಿದರೆ ಕಬ್ಬಿಣದಂತೆ ಸದ್ದು ಕೊಡುತ್ತವೆ. ಆದರೆ ಕೂರಿಗೆಯನ್ನು ನಮ್ಮಲ್ಲಿ ಯಾರೂ ಒಲೆಗೆ ಹಾಕುವುದಿಲ್ಲ. ಅದಕ್ಕೆ ಸೀರೆ ಉಡಿಸಿ, ಬಳೆ ಏರಿಸಿ ಪೂಜೆ ಮಾಡಿದ್ದು. ಅಡುಗೆಗೆ ಚೋಟು ಕಟ್ಟಿಗೆ ಇಲ್ಲದ ದಿನವೂ ಜಂತಿಯ ಕಡೆ ಯಾರೂ ಕೈ ಎತ್ತಿದ್ದಿಲ್ಲ. ಆ ಕಾರಣಕ್ಕೇ ಅಷ್ಟು ಮನೆಗಳಲ್ಲಿ ಅವು ಉಳಿದಿದ್ದವು.

ಹಾಗೆ ಕೇಳಲು ಹೋಗುವವನು ಮೊದಲು ತನ್ನ ಮನೆಯದನ್ನು ತರಬೇಕು. ನಮ್ಮ ಮನೆಯದು ಅಣ್ಣನ ಕೊಟ್ಟಿಗೆಯಲ್ಲಿತ್ತು. ಅಣ್ಣನಿಗೂ ನನಗೂ ಮಾತು ನಿಂತಿರಲಿಲ್ಲ, ಕಡಿಮೆಯಾಗಿತ್ತು ಅಷ್ಟೆ. ಕಟ್ಟಿಗೆಯನ್ನೆಲ್ಲ ಇಳಿಸಿ, ಗಂಡನನ್ನು ಭಟ್ಟಿಯಲ್ಲಿ ಬಿಟ್ಟು ನಾನೊಬ್ಬನೇ ಹೊರಟೆ. ಅಣ್ಣನ ಬಾಗಿಲಿಗೆ ಹೋದಾಗ ಹನ್ನೊಂದೂವರೆ. ಅವನು ಹೊರಸಿನ ಮೇಲೆ ಕೂತು ಹಳೆಯ ಚೀಲದ ನೂಲಿನಿಂದ ಹಗ್ಗ ಹೊಸೆಯುತ್ತಿದ್ದ.

"ಏನ ಫೌಜಿ, ಈ ಹೊತ್ತಿನಾಗ? ನಿನ್ನ ಟೈಮ್‌ಟೇಬಲಿನಾಗ ನಮ್ಮನಿ ಇರಲಿಲ್ಲಲ್ಲ."

"ಅಣ್ಣಾ, ಒಣ ಕಟ್ಟಿಗಿ ಬೇಕು. ಜರೂರ."

"ಹಿತ್ತಲದಾಗ ನಾಕು ತುಂಡ ಅದಾವ, ಒಯ್ಯಿ."

"ಅದು ಸಾಲಂಗಿಲ್ಲ. ಮ್ಯಾಲಿಂದು ಬೇಕು."

ಅವನ ಕೈ ನಿಂತಿತು. ಮೇಲೆ ನೋಡಲಿಲ್ಲ. ನೋಡುವ ಅಗತ್ಯ ಅವನಿಗಿರಲಿಲ್ಲ.

"ಇದರ ಹಿಂದ ಇಪ್ಪತ್ತೆರಡು ವರ್ಷ ನಾ ನಡದೀನಿ. ನೀ ಒಂದಿನಾರ ನಡದೀಯೇನು? ಬಿತ್ತಾಕ ಬರಲಿಲ್ಲ. ಸುಡಾಕ ಬರಾಬರ್ ಬಂದಿ ನೋಡು."

ಅದು ನಿಜ. ನಾನು ಹದಿನೆಂಟಕ್ಕೇ ಫೌಜಿಗೆ ಹೋದವನು. ಆಗ ನಿಂತುಕೊಂಡೇ ಎಲ್ಲ ಹೇಳಿದೆ: ಗೆರೆ, ಹಸಿ ಜಾಲಿ, ಮುರಿದ ಪಾಟಾ, ಬಿದ್ದ ಉರಿ. ಯಾರ ಭಟ್ಟಿ ಎಂದು ಕೇಳಿದ. ಹೇಳಿದೆ.

"ಕ್ಯಾಂಪಿನ ಆಕೀನ? ಆಕಿ ಅವ್ವ ನಮ್ಮ ಬಿತ್ತಿಗಿಗೆ ಬರ್ತಿದ್ಲು. ಬೀಜ ಬಿಡೂದು ಭಾಳ ಚಂದ ಇತ್ತು ಆಕಿ ಕೈ." ಹೊಸೆದ ಹಗ್ಗದ ತುದಿಗೆ ಗಂಟು ಹಾಕಿದ. "ನಮ್ಮ ಹೊಲಕ್ಕ ಹೋಗಿದ್ದೇನು ಇತ್ತಿತ್ಲಾಗ?"

"ಇಲ್ಲ."

"ಕಾಲ ಇಟ್ರ ಮೊಳಕಾಲ ಮಟ ಇಳೀತಾವ. ಕಾಲುವಿ ನೀರ ಬಸದು ಬಸದು ಜವಳ ಹಿಡದದ. ಮ್ಯಾಲ ಉಪ್ಪ ಬೆಳ್ಳಗ ಕುಂತದ. ಭತ್ತನೂ ಇಲ್ಲ ಈಗ, ಜೋಳನೂ ಇಲ್ಲ." ಎದ್ದ. "ಹೊಲನ ಹೋತು. ಕೂರಿಗಿ ಯಾರಿಗಿ ತೋರಿಸ್ಲಿ?"

ಏಣಿ ಹಾಕಿದ. ನಾನು ಹಿಡಿಯಲು ಹೋದೆ. "ನೀ ಮುಟ್ಟಬ್ಯಾಡ," ಅಂದ. ಎಪ್ಪತ್ತು ದಾಟಿದವನು ಒಬ್ಬನೇ ಅದನ್ನು ಜಂತಿಯಿಂದ ಇಳಿಸಿದ. ತಂಬಿಗೆಯಲ್ಲಿ ನೀರು ತಂದು ಅದರ ಮೇಲೆ ಚಿಮುಕಿಸಿ, ಕೈ ಮುಗಿದು, ತಾನೇ ಹೊತ್ತು ಗಾಡಿಗೆ ಇಟ್ಟ. ಬಟ್ಟಲಿನ ಮೇಲಿದ್ದ ಜೇಡರ ಬಲೆಯನ್ನು ಧೋತರದ ಚುಂಗಿನಿಂದ ಒರೆಸಿದ.  ಕುಂಟೆ, ನೊಗ, ಬಂಡಿಯ ಎರಡು ಗಾಲಿ ಹೇರಿದೆವು. ಅವನು ಮುಂದೆ ಕೂರಲಿಲ್ಲ. ಹಿಂದೆ ಕೂರಿಗೆ ಹಿಡಿದುಕೊಂಡು ಕೂತ.

ಊರಿನಲ್ಲಿ ಮೆಲ್ಲಗೆ ಗಾಡಿ ಬಿಟ್ಟೆ. ನಾನು ಕೇಳಿದ್ದರೆ ಯಾರೂ ಕೊಡುತ್ತಿರಲಿಲ್ಲ. ಅಣ್ಣ ಕೂತದ್ದನ್ನು ನೋಡಿ ಜನ ಬಾಗಿಲಿಗೆ ಬಂದರು. ಮೊದಲಿಗರಾಗಲು ಯಾರೂ ಒಪ್ಪದ ಕೆಲಸವನ್ನು ಒಬ್ಬ ಮಾಡಿಯಾಗಿತ್ತು. "ನಾವಾಗಿ ಸುಡಾಂಗಿಲ್ರಿ, ನೀವು ಒಯ್ದ್ರ ನಾವು ನೋಡಿಲ್ಲ," ಎಂದು ಒಬ್ಬ ಬೆನ್ನು ತಿರುಗಿಸಿ ನಿಂತ. ಇನ್ನೊಬ್ಬ, "ಒಯ್ರಿ, ಹ್ವಾದ ವರ್ಷ ಇದು ತಲಿ ಮ್ಯಾಲ ಬಿದ್ದು ನನ್ನ ಹೆಣಾನ ಎತ್ತಿತ್ತು," ಎಂದು ನಕ್ಕ. ಒಬ್ಬ ಮುದುಕಿ ಮಾತ್ರ ಗಾಡಿ ನೋಡಿ ಕದ ಹಾಕಿಕೊಂಡಳು. ಒಳಗಿನಿಂದ, "ಅನ್ನಾ ಕೊಟ್ಟದ್ದು ಸುಡ್ತೀರಿ, ನಿಮ್ಮ ಬಾಯಾಗ ಮಣ್ಣ ಬೀಳ್ಲಿ," ಎಂಬ ದನಿ ಕೇಳಿತು. ಅಣ್ಣ ಆ ಬಾಗಿಲಿಗೆ ಕೈ ಮುಗಿದ. ಗಾಡಿ ನಿಲ್ಲಿಸದೆ ಮುಂದೆ ಹೋದೆ.

ಕುಂಟೆ ಕೂರಿಗೆಗಳ ಕಬ್ಬಿಣದ ಕುಡ, ಗಾಲಿಯ ಪಟ್ಟಿಗಳನ್ನು ಬಡಿದು ಬಿಡಿಸಿ ಆಯಾ ಮನೆಯವರಿಗೇ ಕೊಟ್ಟೆವು. ಭಟ್ಟಿಗೆ ಹೋಗಿ ಇಳಿಸಿ, ಮತ್ತೆ ಬಂದು, ಎರಡು ಅರೆ ಖೇಪು ಆಯಿತು. ಕೂರಿಗೆಗಳೇ ಹನ್ನೊಂದು. ನಮ್ಮ ಮನೆಯದನ್ನು ಅಣ್ಣ ಮೊದಲ ಖೇಪಿನಲ್ಲಿ ಇಳಿಸಲು ಬಿಡಲಿಲ್ಲ. ಅದು ಅವನೊಂದಿಗೆ ಊರಿಗೆ ವಾಪಸು ಬಂದು, ಎರಡನೇ ಖೇಪಿನಲ್ಲಿ ಮತ್ತೆ ಹೋಯಿತು.

ಕರಿಜಾಲಿ ಹತ್ತಿದ್ದು ಮೊದಲ ತುಂಡಿಗೇ. ಸದ್ದಿಲ್ಲ, ನೊರೆಯಿಲ್ಲ, ಹೊಗೆಯಿಲ್ಲ. ನೀಲಿ ಅಂಚಿನ ಉರಿ. ಮೂರು ಗಂಟೆಯ ಹೊತ್ತಿಗೆ ಮೂರೂ ಬಾಯಿಗಳು ಕೆಂಪಗೆ ತಿರುಗಿದವು, ನೆತ್ತಿಯ ಹೊಗೆ ತೆಳುವಾಯಿತು. ಆಕೆ ಒಂದು ಬಾಯಿಯಿಂದ ಇನ್ನೊಂದಕ್ಕೆ ಓಡಾಡುತ್ತ ನೂಕಿದಳು. ನಾವು ಗಂಡಸರು ಒಡೆದು ಕೊಟ್ಟೆವು.

ಕೊನೆಗೆ ನಮ್ಮ ಕೂರಿಗೆ ಉಳಿಯಿತು. ಅಣ್ಣ ಅದರ ಬಟ್ಟಲನ್ನು ಬಿಡಿಸಿ ಕೈಯಲ್ಲಿ ಹಿಡಿದಿದ್ದ. ಬೀಜ ಉಜ್ಜಿ ಉಜ್ಜಿ ಒಳಗೆಲ್ಲ ನುಣುಪಾಗಿತ್ತು. ಆಕೆಗೆ ಚಾಚಿದ.

"ಇದಕ್ಕ ನಿಮ್ಮವ್ವ ಬೀಜ ಬಿಟ್ಟಾಳವಾ. ಇಟ್ಕೊ. ಹೊಸಾ ಮನ್ಯಾಗ ಇರ್ಲಿ."

ಆಕೆ ತೆಗೆದುಕೊಂಡಳು. ತಿರುಗಿಸಿ ನೋಡಿದಳು. ಮುಖದ ಮೇಲೆ ಬೂದಿ ಬೆವರಿನೊಡನೆ ಇಳಿದು ಗೆರೆಗಳಾಗಿತ್ತು.

"ನಮ್ಮವ್ವ ಬೀಜ ಬಿಟ್ಲು, ರಾಶಿ ನಿಮ್ಮ ಮನಿಗಿ ಬಂತು," ಅಂದಳು. ಸಿಟ್ಟಿನಿಂದ ಅಲ್ಲ, ಲೆಕ್ಕ ಒಪ್ಪಿಸುವವರ ಹಾಗೆ. "ಬಟ್ಟಲ ಇಟ್ಕೊಂಡು ನಾ ಏನ ಬಿತ್ಲಿ ಮಾಂವಾ? ಹೊಲ ಅದ ಏನ ನನಗ? ಇಟ್ಟಂಗಿ ಅದಾವ, ಅವು ಬೇಯ್ಲಿ."

ನಡುವಿನ ಬಾಯಿಗೆ ಬಟ್ಟಲು ಎಸೆದಳು. ಅಣ್ಣ ಉಳಿದ ಕೂರಿಗೆಯನ್ನು ತಾನೇ ಎತ್ತಿ ಅದರ ಹಿಂದೆ ನೂಕಿದ. ನಂತರ ದೂರ ಹೋಗಿ ನಮ್ಮ ಕಡೆ ಬೆನ್ನು ಮಾಡಿ ಕೂತ. ನಾನು ಕೊಡಲಿ ಒರೆಸಿ ಗಾಡಿಯಲ್ಲಿ ಇಟ್ಟೆ.

ಐದು ಗಂಟೆಗೆ ಪಡುವಣ ಕಡೆ ಮೋಡ ಎದ್ದಿತು, ಧೂಳುಗಾಳಿ ಬೀಸಿತು. ಒಣ ಕಟ್ಟಿಗೆ ಪೂರ್ತಿ ಮುಗಿದಿತ್ತು. ಚೆನ್ನಾಗಿ ಬೆಂದ ಭಟ್ಟಿ ಒಂದು ಗೇಣಾದರೂ ಕುಸಿಯಬೇಕು. ಆಕೆ ಏಣಿ ಹತ್ತಿ, ಮೊದಲ ದಿನ ನೆಟ್ಟಿದ್ದ ಗೂಟಕ್ಕೆ ಕಡ್ಡಿ ಹಿಡಿದು ಅಳೆದಳು.

"ನಾಕ ಬಟ್ಟು ಕುಂತದ," ಎಂದು ಮೇಲಿನಿಂದಲೇ ಹೇಳಿದಳು. "ಮ್ಯಾಲಿನ ಸಾಲ ಹಸೀನ ಅದಾವ. ಅರ್ಧಕ್ಕ ಹೆಚ್ಚು ಸಿಗ್ತಾವ. ಎರಡ ಖೋಲಿ ಅಂದಿದ್ವಿ. ಒಂದ ಖೋಲಿ."

"ಒಂದ ಖೋಲಿಗಿ ಐದ ಮಂದಿ ಹ್ಯಾಂಗ?" ಎಂದ ಗಂಡ.

"ನಿಂತ ಮಲಗೂದು," ಅಂದಳು. "ಬಾಯಿ ಮುಚ್ಚು." ಗಂಡ ಸುಮ್ಮನಾದ. "ನಿಂದಲ್ಲ, ಭಟ್ಟೀದು." ಆ ದಿನ ಅವನು ನಕ್ಕದ್ದು ಅದೊಂದೇ ಸಲ.

ಮೂರೂ ಬಾಯಿಗಳಿಗೆ ಕಲ್ಲಿಟ್ಟು ಕೆಸರು ಮೆತ್ತಿದೆವು. ಅಣ್ಣನೂ ಎದ್ದು ಬಂದು ಕೆಸರು ಕಲಸಿದ. ನಾಲ್ಕು ಹನಿ ಬಿದ್ದವು, ಗಾಳಿ ಮೋಡವನ್ನು ಒಯ್ಯಿತು. ಈ ಮಳೆ ಬರುವುದಿಲ್ಲ ಎಂದು ಗೊತ್ತಿದ್ದರೆ ಬಾಯಿ ಮುಚ್ಚದೆ, ರಾತ್ರಿಯೇ ಶಹಾಪುರದಿಂದ ಒಣ ಕಟ್ಟಿಗೆ ತಂದು ಉರಿ ಮುಂದುವರಿಸಬಹುದಿತ್ತು. ಗೊತ್ತಿರಲಿಲ್ಲ.

ನಾನು ಹೊರಡುವಾಗ ಆಕೆ ಕೈ ತೊಳೆಯುತ್ತಿದ್ದಳು. "ಕಾಕಾ, ಸೇತುವಿ ಹಂತ್ಯಾಕ ಇಳಿಸೀರಲ್ಲ, ಆ ಹಸಿ ಕಟ್ಟಿಗಿ. ಅದನ್ನೂ ತಂದು ಇಲ್ಲೇ ಒಟ್ಟ್ರಿ. ಬರೂ ಬ್ಯಾಸಿಗಿಗಿ ಒಣಗ್ತದ. ಎರಡನೇ ಖೋಲಿಗಿ ಮತ್ತ ಭಟ್ಟಿ ಹಚ್ತೀನಿ."

"ನಾಳೆ ಬೆಳಿಗ್ಗೆ," ಎನ್ನಲು ಬಾಯಿ ತೆರೆದೆ. "ಈಗ ತರ್ತೀನಿ," ಅಂದೆ.

ಅಣ್ಣ ಮುಂದಿನ ಸೀಟಿನಲ್ಲಿ ಕೂತ. ಅವನ ಬಾಗಿಲಿಗೆ ಬಿಟ್ಟೆ. ಇಳಿದವನು ಕೊಟ್ಟಿಗೆಯ ಕಡೆ ಹೋಗಲಿಲ್ಲ. ಹೊರಸಿನ ಮೇಲೆ ಕೂತು ಹಗ್ಗ ಕೈಗೆತ್ತಿಕೊಂಡ. "ಹೋಗು, ಹೊತ್ತ ಮುಳುಗ್ತದ," ಅಂದ.

ಸೇತುವೆಯ ಹತ್ತಿರ ಒಬ್ಬನೇ ಹೇರಿದೆ. ಗೆರೆಯ ಕಡೆ ನೋಡಲಿಲ್ಲ. ನಾಲ್ಕು ತುಂಡಿಗೊಮ್ಮೆ ಕೆಳಗೆ ಬಗ್ಗಿ ಪಾಟಾದ ಕಡೆ ನೋಡಿದೆ, ಬೆಣೆ ಅಲುಗಾಡಿಸಿ ನೋಡಿದೆ. ಗೆರೆಗಿಂತ ಎರಡು ಗೇಣು ಕೆಳಗೆ ಗಾಡಿ ಸಾಕು ಅಂದಿತು. ಸಾಕು ಮಾಡಿ, ಉಳಿದದ್ದಕ್ಕೆ ಇನ್ನೊಂದು ಸಲ ಬಂದೆ.

ಭಟ್ಟಿಯ ಬದಿಗೆ ಎರಡು ಸಾಲು ಕಲ್ಲಿಟ್ಟು, ನೆಲ ತಾಗದಂತೆ, ಒಂದು ಪದರ ಉದ್ದ, ಒಂದು ಪದರ ಅಡ್ಡ, ನಡುವೆ ಗಾಳಿ ಆಡಲು ಬೆರಳಗಲ ಸಂದಿ ಬಿಟ್ಟು ಒಟ್ಟಿದೆ. ಭಟ್ಟಿಗೆ ಹೋಗದೆ ಉಳಿದ ಬೆಳಗಿನ ತುಂಡುಗಳನ್ನೂ ಆರಿಸಿ ತಂದು ಸೇರಿಸಿದೆ. ಆಕೆ ನನ್ನ ಕಾಲ ಬಳಿ ಎಸೆದಿದ್ದ ತುಂಡೂ ಅದರಲ್ಲಿತ್ತು. ಒಂದು ತುದಿ ಕಪ್ಪಗಾಗಿತ್ತು, ಇನ್ನೊಂದು ತುದಿ ಇನ್ನೂ ಒದ್ದೆ. ಅದನ್ನು ಎಲ್ಲಕ್ಕಿಂತ ಮೇಲೆ, ಬಿಸಿಲು ಬೀಳುವ ಕಡೆ ಇಟ್ಟೆ.